ಹುಬ್ಬಳ್ಳಿಯಲ್ಲಿ ಎರಡನೇ ಕೆಲಸ ಎಲ್ಲಿದೆ?

2024ರ ಜೂನ್‌ನಲ್ಲಿ ಇನ್ಫೋಸಿಸ್ ತನ್ನ ನೌಕರರಿಗೆ ಒಂದು ಆಹ್ವಾನ ಕೊಟ್ಟಿತು. ಹುಬ್ಬಳ್ಳಿ ಕ್ಯಾಂಪಸ್‌ಗೆ ವರ್ಗ ಮಾಡಿಸಿಕೊಂಡು ಹೋಗುವವರಿಗೆ ಸಂಬಳದ ಮೇಲೆ ಪ್ರೋತ್ಸಾಹಧನ. ಕೆಳಗಿನ ಹಂತದವರಿಗೆ ಎರಡು ವರ್ಷದಲ್ಲಿ ಒಟ್ಟು 1.25 ಲಕ್ಷ ರೂಪಾಯಿ, ಹಿರಿಯ ಹುದ್ದೆಯವರಿಗೆ 8 ಲಕ್ಷದವರೆಗೆ. ಆ ಯೋಜನೆ ಇದ್ದದ್ದೇ ಮುಖ್ಯವಾಗಿ ಕಿತ್ತೂರು ಕರ್ನಾಟಕದ ಕಡೆಯಿಂದ ಬಂದವರಿಗಾಗಿ. ಅಂದರೆ, ತಮ್ಮ ಸ್ವಂತ ಊರ ಕಡೆಗೆ ಹೋಗಿ ಎಂದು ಹೇಳೋದಕ್ಕೂ ಕಂಪನಿ ದುಡ್ಡು ಕೊಡಬೇಕಾಗಿ ಬಂತು.

ಗೋಕುಲ ರಸ್ತೆಯ ಆ ಕ್ಯಾಂಪಸ್ಸಿನ ಕಥೆ ಆ ಕಡೆಯವರಿಗೆಲ್ಲ ಗೊತ್ತು. ಕಟ್ಟಡ ಎದ್ದು ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಯುವಕರು ಕೇಳಿದರು, ಶಾಸಕರು ಕೇಳಿದರು, ವಿಧಾನಸಭೆಯಲ್ಲೂ ಪ್ರಸ್ತಾಪವಾಯಿತು. ಕೊನೆಗೆ 2022ರಲ್ಲಿ ಕೆಲಸ ಶುರುವಾಯಿತು. ಶುರುವಾದ ಮೇಲೆ ತಿಳಿದದ್ದು ಏನೆಂದರೆ, ಕಟ್ಟಡ ಇದ್ದರೂ ಅನುಭವಿ ಜನರನ್ನು ಅಲ್ಲಿಗೆ ಕರೆತರುವುದು ಬೇರೆಯೇ ಕೆಲಸ.

ಯಾಕೆ ಹೀಗೆ? ಈ ಪ್ರಶ್ನೆ ಹುಬ್ಬಳ್ಳಿಯದ್ದು ಮಾತ್ರ ಅಲ್ಲ. ಕಲಬುರಗಿ, ಶಿವಮೊಗ್ಗ, ದಾವಣಗೆರೆ, ಬಳ್ಳಾರಿ ಎಲ್ಲ ಕಡೆಯೂ ಇದೇ ಮಾತು. ಆದರೆ ಉತ್ತರ ಅರ್ಥವಾಗಬೇಕಾದರೆ ಹುಬ್ಬಳ್ಳಿಯೇ ಒಳ್ಳೆಯ ಉದಾಹರಣೆ. ಯಾಕೆಂದರೆ ನಾವು ಸಾಮಾನ್ಯವಾಗಿ "ಅದಿಲ್ಲ, ಇದಿಲ್ಲ" ಎಂದು ಹೇಳುವ ಕಾರಣಗಳು ಅಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ವಿಮಾನ ನಿಲ್ದಾಣ ಇದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಅಲ್ಲೇ ಇದೆ. ಪುಣೆ–ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಹಾದು ಹೋಗುತ್ತದೆ. 2023ರಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲೂ ಓಡುತ್ತಿದೆ. 1947ರಲ್ಲಿ ಶುರುವಾದ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡಕ್ಕೆ 2015ರಲ್ಲಿ ಐಐಐಟಿ ಬಂತು, 2016ರಲ್ಲಿ ಐಐಟಿ ಬಂತು. ಹೊಸ ಕಂಪನಿಗಳಿಗೆ ನೆಲೆ ಕೊಡುವ ದೇಶಪಾಂಡೆ ಸ್ಟಾರ್ಟಪ್ಸ್‌ನಂಥ ದೊಡ್ಡ ಇನ್‌ಕ್ಯುಬೇಟರ್ ಇದೆ. ಮನೆ ಬಾಡಿಗೆ ಕಡಿಮೆ, ಟ್ರಾಫಿಕ್ ಕಡಿಮೆ, ಗಾಳಿ ಚೆನ್ನಾಗಿದೆ. ಇಷ್ಟಿದ್ದೂ ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಇಲ್ಲದಿದ್ದರೆ ಪುಣೆಗೆ.

ಇದಕ್ಕೆ ಕಾರಣ ಊರ ಮೇಲಿನ ಪ್ರೀತಿಯ ಕೊರತೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕಾರಣ ಲೆಕ್ಕಾಚಾರದಲ್ಲಿದೆ. ಆ ಲೆಕ್ಕ ಸರಿಯಾಗಿಯೇ ಇದೆ.

ಒಬ್ಬಳು ಎಂಜಿನಿಯರ್‌ಳನ್ನು ಊಹಿಸಿಕೊಳ್ಳಿ. ವಯಸ್ಸು ಮೂವತ್ನಾಲ್ಕು, ಹತ್ತು ವರ್ಷದ ಅನುಭವ, ಊರು ನವಲಗುಂದ. ಬೆಂಗಳೂರಲ್ಲಿ ಮನೆ ಸಾಲ ಇದೆ, ಗಂಡನೂ ಐಟಿಯಲ್ಲೇ ಇದ್ದಾನೆ, ಮಗು ಒಂದನೇ ಕ್ಲಾಸು. ಹುಬ್ಬಳ್ಳಿಯ ಕಂಪನಿಯೊಂದು ಅವಳಿಗೆ ಈಗಿನ ಸಂಬಳವನ್ನೇ ಕೊಡ್ತೀವಿ ಬನ್ನಿ ಅನ್ನುತ್ತದೆ. ಅಪ್ಪ ಅಮ್ಮ ಹತ್ತಿರ ಇರುತ್ತಾರೆ, ಖರ್ಚು ಕಡಿಮೆ. ಮೇಲ್ನೋಟಕ್ಕೆ ಲಾಭವೇ. ಆದರೆ ಅವಳು ಕೇಳಿಕೊಳ್ಳುವ ಪ್ರಶ್ನೆ ಈ ಕೆಲಸದ ಬಗ್ಗೆ ಅಲ್ಲ, ಇದರ ನಂತರದ ಕೆಲಸದ ಬಗ್ಗೆ. ಎರಡು ವರ್ಷದಲ್ಲಿ ಪ್ರಾಜೆಕ್ಟ್ ಮುಗಿದರೆ? ಹೊಸ ಮ್ಯಾನೇಜರ್ ಜೊತೆ ಹೊಂದಾಣಿಕೆ ಆಗದಿದ್ದರೆ? ಕಂಪನಿಯೇ ಮುಚ್ಚಿದರೆ? ಬೆಂಗಳೂರಲ್ಲಿ ಆದರೆ ಮಗುವಿನ ಶಾಲೆ ಬದಲಿಸದೆ, ಮನೆ ಬದಲಿಸದೆ, ಇನ್ನೊಂದು ಆಫೀಸಿಗೆ ಹೋಗಬಹುದು. ಹುಬ್ಬಳ್ಳಿಯಲ್ಲಿ ಅವಳ ಅನುಭವಕ್ಕೆ, ಅವಳ ಸಂಬಳಕ್ಕೆ ಸರಿಹೊಂದುವ ಎರಡನೇ ಕೆಲಸ ಎಲ್ಲಿದೆ? ಗಂಡನಿಗೆ ಮೊದಲನೆಯದ್ದಾದರೂ ಎಲ್ಲಿದೆ?

ಇನ್ನೂ ಒಂದು ಸೂಕ್ಷ್ಮ ಇದೆ. ಬೇರೆ ಕಡೆ ಹೋಗುವ ದಾರಿ ಇಲ್ಲ ಎಂದು ಕಂಪನಿಗೂ ಗೊತ್ತಿರುತ್ತದೆ. ಹಾಗಿದ್ದಾಗ ಸಂಬಳ ಏರಿಸುವ ಅವಸರ ಅದಕ್ಕಿರುವುದಿಲ್ಲ. ಐಟಿಯಲ್ಲಿ ಸಂಬಳ ಜಾಸ್ತಿಯಾಗುವುದು ಮುಖ್ಯವಾಗಿ ಕೆಲಸ ಬದಲಿಸಿದಾಗ, ಅಲ್ವಾ? ಬದಲಿಸುವ ಅವಕಾಶವೇ ಇಲ್ಲದ ಊರಲ್ಲಿ ಇವತ್ತಿನ ಸಂಬಳ ಒಂದೇ ಇದ್ದರೂ ಹತ್ತು ವರ್ಷದ ಗಳಿಕೆ ಒಂದೇ ಆಗುವುದಿಲ್ಲ. 1.25 ಲಕ್ಷ ಅಥವಾ 8 ಲಕ್ಷ ಈ ಕಂದಕವನ್ನು ಸ್ವಲ್ಪ ಮುಚ್ಚಬಹುದು, ಪೂರ್ತಿ ಅಲ್ಲ.

ಈಗ ಕಂಪನಿಯ ಕಡೆಯಿಂದ ನೋಡಿ. ಮೂವತ್ತು ಜನರ ತಂಡ ಕಟ್ಟಬೇಕು. ಹೊಸಬರು ಬೇಕಾದಷ್ಟು ಸಿಗುತ್ತಾರೆ, ಕಾಲೇಜುಗಳಿವೆ. ಆದರೆ ತಂಡ ನಡೆಸಲು ಐದಾರು ಜನ ಪಳಗಿದವರು ಬೇಕು. ಅವರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರೆ ಬೆಂಗಳೂರಲ್ಲಿ ಎರಡು ತಿಂಗಳಲ್ಲಿ ಬದಲಿ ಸಿಗುತ್ತದೆ. ಸಣ್ಣ ಊರಲ್ಲಿ ಆರು ತಿಂಗಳಾದರೂ ಸಿಗದೆ ಹೋಗಬಹುದು. ಅಷ್ಟರಲ್ಲಿ ಗ್ರಾಹಕ ಕೈಬಿಡುತ್ತಾನೆ. ಹಾಗಾಗಿ ಕಂಪನಿ ಅಲ್ಲಿ ಸುಲಭದ, ಕಡಿಮೆ ಸಂಬಳದ ಕೆಲಸ ಮಾತ್ರ ಇಡುತ್ತದೆ, ಮುಖ್ಯ ಕೆಲಸವನ್ನು ಬೆಂಗಳೂರಲ್ಲೇ ಉಳಿಸಿಕೊಳ್ಳುತ್ತದೆ. ಸುಲಭದ ಕೆಲಸ ಮಾತ್ರ ಇರುವಲ್ಲಿ ಪಳಗಿದವರು ಬರುವುದಿಲ್ಲ. ಪಳಗಿದವರು ಇಲ್ಲದಲ್ಲಿ ಕಷ್ಟದ ಕೆಲಸ ಬರುವುದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕೂರುತ್ತಾರೆ.

ಸಂತೆ ನಡೆಯುವುದೂ ಹೀಗೆಯೇ. ಕೊಳ್ಳುವವರು ಬರುತ್ತಾರೆ ಎಂದು ಮಾರುವವರು ಬರುತ್ತಾರೆ, ಮಾರುವವರು ಇದ್ದಾರೆ ಎಂದು ಕೊಳ್ಳುವವರು ಬರುತ್ತಾರೆ. ಪಕ್ಕದ ಊರಲ್ಲಿ ಎಷ್ಟೇ ಒಳ್ಳೆಯ ಬಯಲು ಇದ್ದರೂ, ಬಾಡಿಗೆ ಇಲ್ಲ ಎಂದರೂ, ಒಬ್ಬನೇ ಹೋಗಿ ಬುಟ್ಟಿ ಇಟ್ಟುಕೊಂಡು ಕೂರಲಾರ. ಅರ್ಥಶಾಸ್ತ್ರದಲ್ಲಿ ಇದು ಹಳೆಯ ವಿಷಯ. ಆಲ್ಫ್ರೆಡ್ ಮಾರ್ಷಲ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1890ರಲ್ಲೇ ಇದನ್ನು ವಿವರಿಸಿದ್ದ. ಒಂದೇ ಕಸುಬಿನವರು ಒಂದೇ ಕಡೆ ಸೇರಿದರೆ ಕೆಲಸಗಾರನಿಗೆ ಕೆಲಸ ಸುಲಭವಾಗಿ ಸಿಗುತ್ತದೆ, ಮಾಲೀಕನಿಗೆ ಕೆಲಸಗಾರ ಸಿಗುತ್ತಾನೆ, ಬಿಡಿಭಾಗ ಮತ್ತು ಸೇವೆ ಕೊಡುವವರು ಹುಟ್ಟಿಕೊಳ್ಳುತ್ತಾರೆ, ಕಸುಬಿನ ಗುಟ್ಟು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಒಮ್ಮೆ ಶುರುವಾದರೆ ಇದು ತನ್ನಷ್ಟಕ್ಕೆ ಬೆಳೆಯುತ್ತದೆ. ಶುರುವಾಗದಿದ್ದರೆ ತನ್ನಷ್ಟಕ್ಕೆ ಶುರುವಾಗುವುದೇ ಇಲ್ಲ.

ಹಾಗಾದರೆ ಬೆಂಗಳೂರಲ್ಲಿ ಹೇಗೆ ಶುರುವಾಯಿತು? 1991ರ ಉದಾರೀಕರಣದಿಂದ, ಐಟಿ ಕಂಪನಿಗಳಿಂದ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ಕಥೆಯ ಕೊನೆಯ ಭಾಗ ಮಾತ್ರ. ಶಿವನಸಮುದ್ರದ ವಿದ್ಯುತ್ 1905ರಲ್ಲೇ ಬೆಂಗಳೂರಿಗೆ ಬಂತು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1940ರಲ್ಲಿ ಎಚ್ಎಎಲ್ ಶುರುವಾದಾಗಲೂ ಸಂಸ್ಥಾನ ಪಾಲು ಹಾಕಿತ್ತು. ಸ್ವಾತಂತ್ರ್ಯದ ನಂತರ 1948ರಲ್ಲಿ ಟೆಲಿಫೋನ್ ಉಪಕರಣದ ಐಟಿಐ ಕಾರ್ಖಾನೆ, 1953ರಲ್ಲಿ ಯಂತ್ರ ತಯಾರಿಸುವ ಎಚ್ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಸುವ ಬಿಇಎಲ್. ಆಮೇಲೆ ಇಸ್ರೋ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರನ್ನು ಆರಿಸಿಕೊಂಡಾಗ ಅಲ್ಲಿ ಎಲೆಕ್ಟ್ರಾನಿಕ್ಸ್ ಗೊತ್ತಿದ್ದ ಎಂಜಿನಿಯರ್‌ಗಳ ಎರಡು ತಲೆಮಾರು ಆಗಲೇ ಇತ್ತು. ಅವರನ್ನು ತಯಾರು ಮಾಡಿದ್ದು ಸರ್ಕಾರದ ದುಡ್ಡು, ಸುಮಾರು ಎಂಬತ್ತು ವರ್ಷದ ದುಡ್ಡು. "ಬೆಂಗಳೂರು ತಾನಾಗಿ ಬೆಳೆಯಿತು, ಹುಬ್ಬಳ್ಳಿ ಯಾಕೆ ಬೆಳೆಯಲಿಲ್ಲ" ಎಂದು ಕೇಳುವವರು ಇದನ್ನು ಮರೆಯಬಾರದು.

ಆ ಎಂಬತ್ತು ವರ್ಷದಲ್ಲಿ ಬಹುಪಾಲು ಕಾಲ ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದ ಅಂಚಿನಲ್ಲಿದ್ದವು. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದ್ ನಿಜಾಮರ ಸಂಸ್ಥಾನದ ಅಂಚಿನಲ್ಲಿದ್ದವು. 1956ರ ನವೆಂಬರ್ 1ರಂದು ಎಲ್ಲವೂ ಒಂದು ರಾಜ್ಯವಾದಾಗ ರಾಜಧಾನಿ ಮತ್ತೆ ಇನ್ನೊಂದು ತುದಿಯಲ್ಲಿ ಇತ್ತು. ಮೊದಲೂ ಅಂಚು, ಆಮೇಲೂ ಅಂಚು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಲು ಶುರು ಮಾಡಿದರು. ಊರು ವಿಸ್ತರಣೆಯ ಹೆಸರಲ್ಲಿ ಪುರಸಭೆ ಅವರಿಂದ ಜಾಗ ಬಿಡಿಸಿತು. ಔಂಧ್ ಸಂಸ್ಥಾನದ ರಾಜ ಜಾಗ ಕೊಟ್ಟರು. 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಒಂದು ಉದ್ಯಮ ಹೋದರೆ ಒಂದೇ ಉದ್ಯಮ ಹೋಗುವುದಿಲ್ಲ. ಅದರ ಸುತ್ತ ಹುಟ್ಟಬೇಕಿದ್ದ ಹತ್ತು ಉದ್ಯಮಗಳೂ ಬೇರೆ ಕಡೆ ಹುಟ್ಟುತ್ತವೆ.

ಇವತ್ತಿನ ಫಲಿತಾಂಶ ಲೆಕ್ಕದಲ್ಲೇ ಕಾಣುತ್ತದೆ. 2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಇದ್ದದ್ದು ರಾಜ್ಯದ ಆರರಲ್ಲಿ ಒಂದು ಪಾಲು ಜನ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಆ ಒಂದೇ ಜಿಲ್ಲೆಯ ಪಾಲು ಮೂರನೇ ಒಂದಕ್ಕಿಂತ ಜಾಸ್ತಿ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತ್ತು. ಅದರಲ್ಲಿ 39 ಅತ್ಯಂತ ಹಿಂದುಳಿದವು.

ಇನ್ನು ಹೂಡಿಕೆ. ಸರ್ಕಾರಗಳು ಸಾಮಾನ್ಯವಾಗಿ ಮಾಡುವುದು ಎರಡು ಕೆಲಸ: ಕಡಿಮೆ ದರಕ್ಕೆ ಜಮೀನು, ತೆರಿಗೆ ಅಥವಾ ಶುಲ್ಕದಲ್ಲಿ ವಿನಾಯಿತಿ. ಕರ್ನಾಟಕದ 2020–25ರ ಐಟಿ ನೀತಿಯಲ್ಲೂ ಇಂಥ ರಿಯಾಯಿತಿಗಳಿದ್ದವು, ಉದ್ಯಮವನ್ನು ಬೆಂಗಳೂರಿನ ಆಚೆಗೆ ಒಯ್ಯುವ "ಬಿಯಾಂಡ್ ಬೆಂಗಳೂರು" ಯೋಜನೆಯಲ್ಲೂ ಇವೆ. ಇವು ಬೇಡ ಅನ್ನುತ್ತಿಲ್ಲ. ಆದರೆ ಯಾವ ಉದ್ಯಮಕ್ಕೆ ಯಾವುದು ನಾಟುತ್ತದೆ ಎಂದು ನೋಡಬೇಕು. ಸಾಫ್ಟ್‌ವೇರ್ ಕಂಪನಿಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಜಮೀನು, ಬಾಡಿಗೆ, ಕರೆಂಟು ಸಣ್ಣ ಪಾಲು. ಸಣ್ಣ ಪಾಲಿನಲ್ಲಿ ಅರ್ಧ ಉಳಿಸಿಕೊಡುತ್ತೇವೆ ಎಂದರೆ ಅವರು ಯಾಕೆ ಜಿಗಿಯಬೇಕು? ಅವರಿಗೆ ಬೇಕಾದದ್ದು ಜನ.

ಕಾರ್ಖಾನೆಯ ಲೆಕ್ಕ ಬೇರೆ. ಅಲ್ಲಿ ಯಂತ್ರ, ಕಟ್ಟಡಕ್ಕೆ ಮೊದಲೇ ದೊಡ್ಡ ಮೊತ್ತ ಸುರಿಯಬೇಕು. ಸಬ್ಸಿಡಿ ನಿಜಕ್ಕೂ ತಕ್ಕಡಿಯನ್ನು ವಾಲಿಸುತ್ತದೆ. ಮೈಸೂರಿನ ಕೇನ್ಸ್ ಟೆಕ್ನಾಲಜಿಯನ್ನೇ ನೋಡಿ. ಮೈಸೂರಲ್ಲಿ ಹುಟ್ಟಿ, ಮೈಸೂರಲ್ಲೇ ಕೇಂದ್ರ ಕಚೇರಿ ಇಟ್ಟುಕೊಂಡ ಎಲೆಕ್ಟ್ರಾನಿಕ್ಸ್ ಕಂಪನಿ. ಅದರ ಸುಮಾರು 3,300 ಕೋಟಿ ರೂಪಾಯಿಯ ಚಿಪ್ ಜೋಡಣೆ ಮತ್ತು ಪರೀಕ್ಷೆ ಘಟಕಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ಘಟಕ ಹೋದದ್ದು ಗುಜರಾತಿನ ಸಾನಂದ್‌ಗೆ. ಕೇಂದ್ರದ ನೆರವಿನ ಮೇಲೆ ಗುಜರಾತ್ ತನ್ನ ಪಾಲನ್ನೂ ಸೇರಿಸುತ್ತದೆ, ಪಕ್ಕದಲ್ಲೇ ಅದೇ ಬಗೆಯ ಬೇರೆ ಘಟಕಗಳೂ ಬರುತ್ತಿವೆ. ನಂಜನಗೂಡಿನಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ ವರ್ಷಗಳಿಂದ ಸರ್ಕ್ಯೂಟ್ ಬೋರ್ಡ್ ಮಾಡುತ್ತಿದೆ. ಮೈಸೂರು–ನಂಜನಗೂಡು ಭಾಗಕ್ಕೆ ಈ ಕಸುಬಿನ ಬೇರು ಇದೆ. ಹಾಗಿದ್ದೂ ಮನೆಯ ಮಗಳಂಥ ಕಂಪನಿಯ ದೊಡ್ಡ ಘಟಕ ಹೊರಗೆ ಹೋಯಿತು. ಎಲ್ಲ ಜಿಲ್ಲೆಗೂ ಸ್ವಲ್ಪ ಸ್ವಲ್ಪ ರಿಯಾಯಿತಿ ಹಂಚುವ ಬದಲು ಇಂಥ ಒಂದು ಕಡೆ ಪೂರ್ತಿ ಬಲ ಹಾಕಿದ್ದರೆ ಏನಾಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಾಗಂತ ಎಲ್ಲವೂ ಸೋಲಿನ ಕಥೆಯಲ್ಲ. ಬೆಳಗಾವಿಗೆ ಬನ್ನಿ. ಉದ್ಯಮಬಾಗ್‌ನ ಒಳಗೆ ನಡೆದರೆ ಫೌಂಡ್ರಿ, ಲೇತ್, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ಶೆಡ್‌ಗಳು ಸಾಲಾಗಿ ಸಿಗುತ್ತವೆ. ಎರಕ ಹೊಯ್ಯುವುದು, ಲೋಹ ಕಡಿಯುವುದು ಅಲ್ಲಿ ತಲೆಮಾರುಗಳ ಕಸುಬು. 1981ರಲ್ಲಿ ಸುರೇಶ ಹುಂದ್ರೆ ಅಲ್ಲಿ ಪಾಲಿಹೈಡ್ರಾನ್ ಶುರು ಮಾಡಿ ಹೈಡ್ರಾಲಿಕ್ ಪಂಪು, ವಾಲ್ವುಗಳಿಗೆ ಬೆಳಗಾವಿಯ ಹೆಸರು ಬರುವಂತೆ ಮಾಡಿದರು. ಆ ನೆಲದ ಮೇಲೆ ಅರವಿಂದ ಮೆಳ್ಳಿಗೇರಿ ಅವರ ಏಕಸ್ ಕಂಪನಿ ಬಂತು. ಹತ್ತರಗಿ ಹತ್ತಿರ ಸುಮಾರು 250 ಎಕರೆಯ ವಿಶೇಷ ಆರ್ಥಿಕ ವಲಯ. ವಿಮಾನದ ಬಿಡಿಭಾಗ ಅಲ್ಲಿ ತಯಾರಾಗಿ ಏರ್‌ಬಸ್, ಬೋಯಿಂಗ್‌ಗೆ ಹೋಗುತ್ತದೆ.

ಅಲ್ಲಿ ಏನು ಸರಿಹೋಯಿತು ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ವಿಮಾನದ ಒಂದು ಲೋಹದ ತುಂಡು ಮೊದಲು ಕಾಯಿಸಿ ಬಡಿಯುವ ಹಂತ ದಾಟಬೇಕು, ಆಮೇಲೆ ಯಂತ್ರದಲ್ಲಿ ನುಣ್ಣಗೆ ಕಡಿಯಬೇಕು, ಆಮೇಲೆ ತುಕ್ಕು ಹಿಡಿಯದಂತೆ ಮೇಲ್ಮೈ ಸಂಸ್ಕರಣೆ ಆಗಬೇಕು. ಒಂದೊಂದು ಹಂತ ಒಂದೊಂದು ಊರಲ್ಲಾದರೆ ಸಮಯವೂ ಹಾಳು, ಸಾಗಣೆ ಖರ್ಚೂ ಜಾಸ್ತಿ. ಏಕಸ್ ಫ್ರಾನ್ಸಿನ, ಕೆನಡಾದ ಕಂಪನಿಗಳ ಜೊತೆ ಪಾಲುದಾರಿಕೆ ಮಾಡಿಕೊಂಡು ಈ ಹಂತಗಳನ್ನು ಒಂದೇ ಕಾಂಪೌಂಡಿನೊಳಗೆ ತಂದಿತು. ಕೆಲಸ ಬಂತು, ಜೊತೆಗೆ ಕೆಲಸದ ಸುತ್ತಲಿನ ಕೆಲಸವೂ ಬಂತು. ಇನ್ನೊಂದು ಮುಖ್ಯ ವಿಷಯ: ಬೆಳಗಾವಿಯ ಒಬ್ಬ ಒಳ್ಳೆಯ ಸಿಎನ್‌ಸಿ ಆಪರೇಟರ್‌ಗೆ ಒಂದು ಕಡೆ ಬೇಸರವಾದರೆ ಅದೇ ಊರಲ್ಲಿ ಬೇರೆ ಶೆಡ್ ಇದೆ. ಎರಡನೇ ಕೆಲಸ ಇದೆ, ಮೂರನೆಯದ್ದೂ ಇದೆ. ಹಾಗಾಗಿ ಕಲಿತವನು ಊರಲ್ಲೇ ಉಳಿಯುತ್ತಾನೆ, ಅವನು ಉಳಿದದ್ದರಿಂದ ಹೊಸ ಕಾರ್ಖಾನೆ ಬರುತ್ತದೆ.

ಕರಾವಳಿಯ ಕಥೆ ಇನ್ನೊಂದು ಬಗೆಯದ್ದು. ರೋಹಿತ್ ಭಟ್ 1996ರಲ್ಲಿ ಉಡುಪಿಯಲ್ಲಿ ರೋಬೊಸಾಫ್ಟ್ ಶುರು ಮಾಡಿದರು. ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಮಾಡುತ್ತಿದ್ದ ಕಂಪನಿ, ಐಫೋನ್ ಬಂದ ಮೇಲೆ ಆ್ಯಪ್‌ಗಳ ಕಡೆ ತಿರುಗಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು ಸುಮಾರು 805 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಹತ್ತಿರದಲ್ಲೇ ಮಣಿಪಾಲ, ಸುರತ್ಕಲ್‌ನ ಎನ್ಐಟಿಕೆ ಇದ್ದದ್ದು ಅನುಕೂಲ. ಆದರೂ ಊರಲ್ಲೇ ಇರುತ್ತೇನೆ ಎಂಬ ಒಬ್ಬ ಸ್ಥಾಪಕರ ಹಟ ಇಲ್ಲದಿದ್ದರೆ ಅದು ಉಡುಪಿಯಲ್ಲಿ ಬೆಳೆಯುತ್ತಿರಲಿಲ್ಲ.

ಅದೇ ಕರಾವಳಿ ಕಳೆದುಕೊಂಡದ್ದನ್ನೂ ಹೇಳಬೇಕು. ಕಾರ್ಪೊರೇಷನ್ ಬ್ಯಾಂಕಿನ ಕೇಂದ್ರ ಕಚೇರಿ ಮಂಗಳೂರಲ್ಲಿತ್ತು, ಸಿಂಡಿಕೇಟ್ ಬ್ಯಾಂಕಿನದ್ದು ಮಣಿಪಾಲದಲ್ಲಿ. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಶಾಖೆಗಳು ಉಳಿದವು. ಆದರೆ ದೊಡ್ಡ ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೇಜು ಮುಂಬೈಗೆ, ಬೆಂಗಳೂರಿಗೆ ಹೋಯಿತು. ಅದರ ಜೊತೆ ಹಿರಿಯ ಹುದ್ದೆಗಳು, ಅವರು ಕೊಡುತ್ತಿದ್ದ ಕೆಲಸಗಳು ಹೋದವು: ಲೆಕ್ಕಪರಿಶೋಧಕರಿಗೆ, ವಕೀಲರಿಗೆ, ಕಂಪ್ಯೂಟರ್ ಗುತ್ತಿಗೆದಾರರಿಗೆ. ಒಂದು ಊರು ಬಡವಾಗುವುದು ಕಾರ್ಖಾನೆ ಮುಚ್ಚಿದಾಗ ಮಾತ್ರ ಅಲ್ಲ. ತೀರ್ಮಾನ ಮಾಡುವವರು ಊರು ಬಿಟ್ಟಾಗಲೂ ಬಡವಾಗುತ್ತದೆ. ಇದರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ಕೊರೊನಾ ಕಾಲ ಒಂದು ವಿಷಯವನ್ನು ಅನುಮಾನಕ್ಕೆ ಜಾಗವಿಲ್ಲದಂತೆ ತೋರಿಸಿಕೊಟ್ಟಿತು. 2020ರಲ್ಲಿ ಮನೆಯಿಂದಲೇ ಕೆಲಸ ಎಂದ ಕೂಡಲೇ ಐಟಿಯವರು ಗದಗ, ಶಿರಸಿ, ಹಾಸನ, ಸಿಂಧನೂರು ಎಲ್ಲ ಕಡೆ ವಾಪಸ್ ಬಂದರು. ಊರ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಮೆರಿಕದ ಗ್ರಾಹಕರ ಜೊತೆ ಮಾತಾಡಿದರು. ಆಫೀಸಿಗೆ ಬನ್ನಿ ಎಂದ ಮೇಲೆ ಬೇಸರದಿಂದಲೇ ಹೊರಟರು. ಅವರಿಗೆ ಊರು ಬೇಡವಾಗಿರಲಿಲ್ಲ. ಸಣ್ಣ ಊರಲ್ಲಿ ಇದ್ದುಕೊಂಡೇ ದೊಡ್ಡ ಊರಿನ ಎರಡನೇ ಕೆಲಸ ಕೈಗೆಟುಕುತ್ತಿದ್ದ ಆ ಎರಡು ವರ್ಷ ಅವರು ಊರನ್ನೇ ಆರಿಸಿಕೊಂಡರು.

ಹಾಗಾದರೆ ಏನು ಮಾಡಬೇಕು? ನನ್ನ ಮಟ್ಟಿಗೆ ಮೊದಲನೆಯದು, ಎಲ್ಲ ಊರಿಗೂ ಐಟಿ ಪಾರ್ಕ್ ಎಂಬ ಹುಚ್ಚು ಬಿಡಬೇಕು. ಖಾಲಿ ಕಟ್ಟಡ ಯಾರನ್ನೂ ಕರೆತರುವುದಿಲ್ಲ. ಒಂದು ಊರಿಗೆ ಒಂದು ಕಸುಬು, ಆಗಲೇ ಬೇರು ಇರುವ ಕಸುಬು. ಬೆಳಗಾವಿಗೆ ಯಂತ್ರಭಾಗ, ಮೈಸೂರಿಗೆ ಎಲೆಕ್ಟ್ರಾನಿಕ್ಸ್, ಮಂಗಳೂರಿಗೆ ಹಣಕಾಸು ಮತ್ತು ಆರೋಗ್ಯದ ಸಾಫ್ಟ್‌ವೇರ್. ಅದೇ ಕಸುಬಿನ ಒಂದು ಕಂಪನಿ ಸಾಲದು, ಐದಾರು ಕಂಪನಿಗಳನ್ನು ಒಟ್ಟಿಗೆ ತರಬೇಕು, ಒಬ್ಬರ ಧೈರ್ಯ ಇನ್ನೊಬ್ಬರಿಗೆ ಆಗುವ ಹಾಗೆ. ಹೊಸಬರ ಸಂಖ್ಯೆ ನೋಡಿ ಕೊಡುವ ಪ್ರೋತ್ಸಾಹಕ್ಕಿಂತ ಹತ್ತು ವರ್ಷದ ಅನುಭವ ಇರುವವರನ್ನು ಅಲ್ಲಿ ನೇಮಿಸುವ ಕಂಪನಿಗೆ ಜಾಸ್ತಿ ಕೊಡಬೇಕು. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಹುಡುಕಿಕೊಡಲು ಊರಿನ ಕಂಪನಿಗಳು, ಕಾಲೇಜುಗಳು, ಆಸ್ಪತ್ರೆಗಳು ಸೇರಿ ಒಂದು ವ್ಯವಸ್ಥೆ ಮಾಡಿಕೊಳ್ಳಬಹುದು. ಖರ್ಚು ದೊಡ್ಡದಲ್ಲ.

ಎರಡನೆಯದಾಗಿ, ಸರ್ಕಾರ ತಾನು ಮಾಡಿ ತೋರಿಸಬೇಕು. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ರಾಜ್ಯಮಟ್ಟದ ಕಚೇರಿಗಳನ್ನು ಅಲ್ಲಿಗೆ ತನ್ನಿ ಎಂಬ ಬೇಡಿಕೆಗೆ ಆ ಕಟ್ಟಡದಷ್ಟೇ ವಯಸ್ಸಾಗಿದೆ. ಒಂದು ಇಲಾಖೆಯ ಹಿರಿಯ ಅಧಿಕಾರಿ ಬೆಂಗಳೂರು ಬಿಟ್ಟು ಅಲ್ಲಿ ಕೂರಲು ಒಪ್ಪದಿದ್ದರೆ, ಕಂಪನಿಯ ಮ್ಯಾನೇಜರ್ ಯಾಕೆ ಒಪ್ಪಬೇಕು?

ಮೂರನೆಯದು ಲೆಕ್ಕ ಇಡುವ ರೀತಿ. 2025ರ ಫೆಬ್ರವರಿಯ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಭರವಸೆ ಬಂತು ಎಂದು ಸರ್ಕಾರ ಹೇಳಿತು. ಭರವಸೆಯ ಮೊತ್ತ ಪತ್ರಿಕೆಯ ತಲೆಬರಹಕ್ಕೆ ಚೆನ್ನಾಗಿರುತ್ತದೆ. ನನಗೆ ಬೇಕಾಗಿರುವ ಲೆಕ್ಕ ಬೇರೆ. ಹುಬ್ಬಳ್ಳಿ, ಕಲಬುರಗಿ, ಬಾಗಲಕೋಟೆಯ ಕಾಲೇಜುಗಳಿಂದ ಐದು ವರ್ಷದ ಹಿಂದೆ ಎಂಜಿನಿಯರಿಂಗ್ ಮುಗಿಸಿದವರಲ್ಲಿ ಈಗ ನೂರು ಕಿಲೋಮೀಟರ್ ಒಳಗೆ ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ? ಅವರಲ್ಲಿ ಎಷ್ಟು ಜನ ಊರು ಬಿಡದೆ ಒಮ್ಮೆಯಾದರೂ ಕಂಪನಿ ಬದಲಿಸಿದ್ದಾರೆ? ಎರಡೇ ಅಂಕಿ. ಪ್ರತಿ ವರ್ಷ ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಸದನದ ಮುಂದೆ ಇಡಲಿ, ಉತ್ತರ ಕರ್ನಾಟಕದ ಚರ್ಚೆ ಆ ಅಂಕಿಗಳಿಂದಲೇ ಶುರುವಾಗಲಿ.